ಪದವು ಬಯಲಿಗೆ ಕುದುರೆ ಬಿಡುವ ಮುಂಚೆ

ಹೋದ ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಉಡುಪಿ ಹತ್ತಿರದ ಹಿರಿಯಡ್ಕ ಕಡೆಯಿಂದ ಒಬ್ಬರು ಫೋನ್ ಮಾಡಿದರು. "ಡಾಕ್ಟ್ರೇ, ಕುದುರೆ ಕುಂಟ್ತಾ ಉಂಟು. ಕಾಲು ನಾರುತ್ತದೆ ಮಾರಾಯ್ರೆ." ಹೋಗಿ ನೋಡಿದೆ. ಮೂರು ಎಕರೆ ಪದವು, ಎರಡು ಕುದುರೆ, ಜೂನ್‌ನಿಂದಲೂ ಹಗಲಿಡೀ ಅಲ್ಲೇ ಮೇಯುತ್ತಿದ್ದವು. ಒಂದರ ಗೊರಸಿನ ಅಡಿಯ ಮೆತ್ತನೆಯ ಭಾಗ ಕೊಳೆತು ಕಪ್ಪಾಗಿತ್ತು. ಮನೆಯ ಅಮ್ಮನ ದೂರು ಬೇರೆ: ಈ ಸಲ ಶ್ರಾವಣದ ಪೂಜೆಯ ಚೂಡಿ (ಹೂ-ಹುಲ್ಲಿನ ಪುಟ್ಟ ಕಟ್ಟು) ಕಟ್ಟಲು ಪದವಿನಲ್ಲಿ ಹೂವೇ ಇಲ್ಲ.

ಎರಡಕ್ಕೂ ಕಾರಣ ಒಂದೇ ಎಂದೆ. ಯಜಮಾನರು ನಕ್ಕರು.

ಪದವು ಅಂದರೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಹಾಸು. ಮೇಲೆ ಮಣ್ಣು ಕೆಲವು ಕಡೆ ನಾಲ್ಕು ಬೆರಳೂ ಇರುವುದಿಲ್ಲ. ಉಡುಪಿಯ ಮಳೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಆ ನೀರು ಕಲ್ಲಿನ ತಗ್ಗುಗಳಲ್ಲಿ ನಿಲ್ಲುತ್ತದೆ. ಆ ಕೆಸರಿನಲ್ಲೇ ನೀಲಿ ಯುಟ್ರಿಕ್ಯುಲೇರಿಯಾ, ಅಂಗಿಯ ಗುಂಡಿಯಂಥ ಬಿಳಿ ಎರಿಯೋಕಾಲಾನ್ ಹೂಗಳು ಅರಳುವುದು. ಅದೇ ಕೆಸರಿನಲ್ಲಿ ದಿನವಿಡೀ ನಿಂತರೆ ಗೊರಸು ಕೊಳೆಯುತ್ತದೆ. ಲಾಳ ಹೊಡೆದ ಕಾಲು ತುಳಿದ ಕಡೆ ಹೂವಿನ ಗಿಡ ಬೇರುಸಮೇತ ಏಳುತ್ತದೆ.

ದನ ಮೇಯ್ದ ಹಾಗಲ್ಲ ಕುದುರೆ ಮೇಯುವುದು. ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ. ನಾಲಿಗೆ ಸುತ್ತಿ ಹುಲ್ಲು ಎಳೆಯುತ್ತದೆ, ಬುಡ ಉಳಿಯುತ್ತದೆ. ಕುದುರೆಗೆ ಮೇಲೂ ಕೆಳಗೂ ಹಲ್ಲು, ಕ್ಷೌರ ಮಾಡಿದ ಹಾಗೆ ಕತ್ತರಿಸುತ್ತದೆ. 400 ಕಿಲೋ ಕುದುರೆಗೆ ದಿನಕ್ಕೆ 30-40 ಕಿಲೋ ಹಸಿ ಹುಲ್ಲು ಬೇಕು. ಮೂರು ಎಕರೆ ಮುರಕಲ್ಲು ಎರಡು ಕುದುರೆ ಸಾಕೀತೇ?

ಹೊರದೇಶದ ಪುಸ್ತಕಗಳಲ್ಲಿ ವಸಂತದಲ್ಲಿ ಹುಲ್ಲುಗಾವಲಿಗೆ ರಜೆ ಕೊಡಿ ಅಂತ ಇರುತ್ತದೆ. ನಮ್ಮ ಪದವು ಮಾರ್ಚ್‌ಗೆ ಒಣಗಿ ಕರಕಲು! ಇಲ್ಲಿ ಹೂವಿನ ಕಾಲ ಆಟಿ, ಸೋಣ, ಅಂದರೆ ಜುಲೈನಿಂದ ಸೆಪ್ಟೆಂಬರ್. ಹಾಗಾಗಿ ಮಳೆ ಹಿಡಿದ ದಿನದಿಂದ ಬೀಜ ಉದುರುವ ತನಕ, ಹೆಚ್ಚುಕಮ್ಮಿ ದೀಪಾವಳಿವರೆಗೆ, ಕುದುರೆ ಒಣ ಲಾಯದಲ್ಲಿರಲಿ. ತೋಟದ ಹುಲ್ಲು ಕೊಯ್ದು ಹಾಕಿ. ಕಾಲಾಡಲು ಜಲ್ಲಿ ಹಾಸಿದ ಸಣ್ಣ ಅಂಗಳ ಸಾಕು.

ಹಾಗಂತ ವರ್ಷವಿಡೀ ಬೇಲಿ ಹಾಕಿ ಬಿಟ್ಟರೂ ಕೆಟ್ಟಿತು. ಮುಳಿಹುಲ್ಲು ಎದೆಯುದ್ದ ಬೆಳೆದು, ಕಮ್ಯುನಿಸ್ಟ್ ಗಿಡವೆಂಬ ಕಳೆ ನುಗ್ಗಿ, ಗೇಣುದ್ದದ ಹೂಗಳಿಗೆ ಬಿಸಿಲೇ ಸಿಗುವುದಿಲ್ಲ. ಹಿಂದೆ ಮನೆಯ ಮಾಡಿಗೆ ಹೊದಿಸಲು ಮಳೆ ಮುಗಿದ ಮೇಲೆ ಮುಳಿ ಕೊಯ್ಯುತ್ತಿದ್ದರಲ್ಲ, ಅದು ಹೂವಿಗೂ ಒಳ್ಳೆಯದಾಗುತ್ತಿತ್ತು. ಈಗ ಆ ಕೆಲಸ ಕುದುರೆ ಮಾಡಲಿ. ಬರೀ ಒಣ ಮುಳಿಯಲ್ಲಿ ಸತ್ವ ಕಮ್ಮಿ, ಜೊತೆಗೆ ಬೇಯಿಸಿದ ಹುರುಳಿ, ತವುಡು ಕೊಡಿ. ಲಂಟಾನ ಪೊದೆ ಇದ್ದರೆ ಮೊದಲು ಕಿತ್ತು ಹಾಕಿ. ಅದು ಲಿವರ್‌ಗೆ ವಿಷ.

ಇನ್ನು ಯೂರಿಯಾ. ಹುಲ್ಲು ಚೆನ್ನಾಗಿ ಬರಲಿ ಅಂತ ಈ ಯಜಮಾನರು ಒಂದು ಚೀಲ ಎರಚಿದ್ದರು! ಯುಟ್ರಿಕ್ಯುಲೇರಿಯಾ ಬುಡದ ಪುಟ್ಟ ಚೀಲಗಳಲ್ಲಿ ನೀರಿನ ಹುಳ ಹಿಡಿದು ತಿನ್ನುವುದು ಮಣ್ಣಲ್ಲಿ ಸಾರ ಇಲ್ಲದ್ದಕ್ಕೆ. ಸಾರ ಜಾಸ್ತಿಯಾದರೆ ಹುಲ್ಲು ಹಬ್ಬಿ ಅದನ್ನು ಮುಚ್ಚಿಬಿಡುತ್ತದೆ. ಲದ್ದಿಯೂ ಗೊಬ್ಬರವೇ ಅಲ್ವಾ? ವಾರಕ್ಕೆರಡು ಸಲ ಬುಟ್ಟಿಯಲ್ಲಿ ಎತ್ತಿ ಅಡಿಕೆ ಬುಡಕ್ಕೆ ಹಾಕಿ. ಕುದುರೆಯ ಹೊಟ್ಟೆಹುಳದ ಕಾಟವೂ ಇಳಿಯುತ್ತದೆ.

ತಗ್ಗುಗಳಿಗೆ ಬೇಲಿ ಕಟ್ಟುವಾಗ ಮುಳ್ಳುತಂತಿ ಮಾತ್ರ ಬೇಡ. ಬೆದರಿದ ಕುದುರೆ ಮುಂದೆ ಏನಿದೆ ಅಂತ ನೋಡುವುದಿಲ್ಲ. ಆಮೇಲೆ ರಾತ್ರಿ ಟಾರ್ಚ್ ಹಿಡಿದು ಹೊಲಿಗೆ ಹಾಕಬೇಕಾದವನು ನಾನು.