ಆಲಾಪನೆಗೂ ಕೃತಿಗೂ ನಡುವಿನ ಅರ್ಧ ಸೆಕೆಂಡು

ಶನಿವಾರ ಬೆಳಿಗ್ಗೆ. ಹಾಲ್‌ನಲ್ಲಿ ಬ್ಲೂಟೂತ್ ಸ್ಪೀಕರ್ ಹಾಡುತ್ತಿದೆ. ತೋಡಿ ಆಲಾಪನೆ ನಿಧಾನವಾಗಿ ಹತ್ತಿಹತ್ತಿ ಮೇಲಿನ ಷಡ್ಜದಲ್ಲಿ ನಿಂತಿದೆ. ಅಷ್ಟರಲ್ಲಿ ಟ್ರಿಣ್ ಟ್ರಿಣ್! ಗ್ಯಾಸ್ ಸಿಲಿಂಡರ್ ತಂದವರು ಗೇಟಿನ ಹತ್ತಿರ ನಿಂತು ಫೋನ್ ಮಾಡುತ್ತಿದ್ದಾರೆ. ರಿಂಗ್‌ಟೋನ್ ಅದೇ ಸ್ಪೀಕರಿನಲ್ಲಿ, ಅದೇ ವಾಲ್ಯೂಮಿನಲ್ಲಿ. ಮನೆಗೊಂದು ಸ್ಟ್ರೀಮರ್ ತರಬೇಕು ಅಂತ ನಾನು ತೀರ್ಮಾನಿಸಿದ್ದು ಅವತ್ತೇ.

ಬ್ಲೂಟೂತ್‌ನಲ್ಲಿ ಹಾಡು ಫೋನಿನ ಹೊಟ್ಟೆಯೊಳಗೆ ಹಾದು ಬರಬೇಕು. ಫೋನ್ ಅದನ್ನು ಇಂಟರ್ನೆಟ್‌ನಿಂದ ತರಿಸಿಕೊಂಡು, ಬಿಚ್ಚಿ, ಮತ್ತೊಮ್ಮೆ ಹಿಂಡಿ ಸ್ಪೀಕರಿಗೆ ಕಳಿಸುತ್ತದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಮಾಹಿತಿ ಇರುತ್ತದೆ. ಬ್ಲೂಟೂತಿನ ಮಾಮೂಲಿ ವಿಧಾನದಲ್ಲಿ ಸಾಗುವುದು ಹೆಚ್ಚೆಂದರೆ 328ರ ಆಸುಪಾಸು. ಸ್ಟ್ರೀಮರ್ ಅನ್ನುವ ಡಬ್ಬಿ ಹಾಗಲ್ಲ. ಅದು ಮನೆಯ ವೈಫೈಗೆ ತಾನೇ ಸೇರಿಕೊಂಡಿರುತ್ತದೆ. 'ಈ ಹಾಡು ಹಾಕು' ಅಂತ ಹೇಳುವುದಷ್ಟೇ ಫೋನಿನ ಕೆಲಸ. ಹಾಡನ್ನು ಡಬ್ಬಿ ನೇರವಾಗಿ ತರಿಸಿಕೊಳ್ಳುತ್ತದೆ. ಆಮೇಲೆ ಫೋನ್ ಸ್ವಿಚ್ ಆಫ್ ಆದರೂ ಕಛೇರಿ ನಿಲ್ಲುವುದಿಲ್ಲ. ಆಪಲ್‌ನವರ ಏರ್‌ಪ್ಲೇ ಅನ್ನುವ ವೈಫೈ ವಿಧಾನದಲ್ಲಿ ಮಾತ್ರ ಹಾಡು ಸಾಮಾನ್ಯವಾಗಿ ಫೋನಿನ ಮೂಲಕವೇ ಹೋಗುತ್ತದೆ.

ಈಗ ಬರುವ ಆಲ್-ಇನ್-ಒನ್ ಡಬ್ಬಿಯಲ್ಲಿ ಮೂರು ಸಾಮಾನು ಒಟ್ಟಿಗೆ ಇರುತ್ತವೆ: ಹಾಡು ತರುವ ಸಣ್ಣ ಕಂಪ್ಯೂಟರ್, ಅಂಕಿಗಳನ್ನು ವಿದ್ಯುತ್ ಅಲೆಯಾಗಿಸುವ ಡ್ಯಾಕ್ ಚಿಪ್, ಮತ್ತು ಆಂಪ್ಲಿಫೈಯರ್. ಸ್ಪೀಕರಿಗೆ ವೈರ್ ಎಳೆದರೆ ಮುಗಿಯಿತು. ಇಷ್ಟೆಲ್ಲ ಒಂದು ಊಟದ ಡಬ್ಬಿಯಷ್ಟು ಜಾಗದಲ್ಲಿ ಕೂತಿರುವುದಕ್ಕೆ ಕಾರಣ 'ಕ್ಲಾಸ್ ಡಿ' ಆಂಪ್ಲಿಫೈಯರ್. ಹಿಂದೆ ಗೋಡೆಯ ಮೇಲೆ ದೊಡ್ಡ ಡಬ್ಬಾ ಫ್ಯಾನ್ ರೆಗ್ಯುಲೇಟರ್ ಇರುತ್ತಿತ್ತು, ನೆನಪಿದೆಯಾ? ಮುಟ್ಟಿದರೆ ಬಿಸಿ. ಫ್ಯಾನಿಗೆ ಹೋಗದ ಕರೆಂಟು ಅಲ್ಲಿ ಸುಮ್ನೆ ಶಾಖವಾಗುತ್ತಿತ್ತು. ಹಳೇ ಆಂಪ್ಲಿಫೈಯರ್‌ಗಳದ್ದೂ ಹೆಚ್ಚುಕಡಿಮೆ ಅದೇ ಕಥೆ. ಕ್ಲಾಸ್ ಡಿಯಲ್ಲಿ ಟ್ರಾನ್ಸಿಸ್ಟರ್ ಅರ್ಧಂಬರ್ಧ ತೆರೆದುಕೊಳ್ಳುವುದೇ ಇಲ್ಲ. ಪೂರ್ತಿ ಆನ್, ಇಲ್ಲವೇ ಪೂರ್ತಿ ಆಫ್. ಅದೂ ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ನೂರರಲ್ಲಿ ತೊಂಬತ್ತರಷ್ಟು ಶಕ್ತಿ ಸ್ಪೀಕರಿಗೇ ತಲುಪುವುದರಿಂದ ದೊಡ್ಡ ಹೀಟ್‌ಸಿಂಕ್ ಬೇಕಾಗುವುದಿಲ್ಲ.

ಇನ್ನು ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವ 24 ಬಿಟ್, 192 ಕಿಲೋಹರ್ಟ್ಜ್. ಜಾಸ್ತಿ ಜನ ಎಡವುವುದು ಇಲ್ಲೇ.

ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಅವವೇ ಚುಕ್ಕಿಗಳ ಸುತ್ತ ಅಮ್ಮ ಒಂದು ಎಳೆ ಎಳೆದರೆ ಅತ್ತೆ ಇನ್ನೊಂದು ಎಳೆಯುತ್ತಾರೆ. ಡಿಜಿಟಲ್ ಸಂಗೀತದಲ್ಲೂ ಇರುವುದು ಚುಕ್ಕಿಗಳೇ: ಸಿ.ಡಿ.ಯಲ್ಲಿ ಸೆಕೆಂಡಿಗೆ 44,100, 192 ಕಿಲೋಹರ್ಟ್ಜ್ ಅಂದರೆ 1,92,000. ಆದರೆ ಇಲ್ಲೊಂದು ಕಟ್ಟಳೆ ಇದೆ. ದನಿಯ ಅತಿ ಮೇಲಿನ ಕಂಪನಕ್ಕಿಂತ ಚುಕ್ಕಿಗಳ ಸಂಖ್ಯೆ ಎರಡು ಪಟ್ಟಿಗೂ ಜಾಸ್ತಿ ಇದ್ದರೆ, ಆ ಚುಕ್ಕಿಗಳ ಮೇಲೆ ಹಾಯುವ ಗೆರೆ ಒಂದೇ ಒಂದು. ಬೇರೆ ರಂಗೋಲಿ ಸಾಧ್ಯವೇ ಇಲ್ಲ. ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದರ ಗಣಿತವಿದೆ. ಮನುಷ್ಯರ ಕಿವಿಯ ಮೇಲಿನ ಮಿತಿ ಸುಮಾರು 20,000 ಹರ್ಟ್ಜ್. ವಯಸ್ಸಾದ ಹಾಗೆ ಅದೂ ಇಳಿಯುತ್ತದೆ. ಹಾಗಾಗಿ 44,100 ಚುಕ್ಕಿ ನಮಗೆ ಧಾರಾಳವಾಯಿತು. ಡಿಜಿಟಲ್ ದನಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಚುಕ್ಕಿ ಹೆಚ್ಚಿದಷ್ಟೂ ನುಣುಪಾಗುತ್ತದೆ ಅನ್ನುವುದು ಜಾಹೀರಾತಿನ ಚಿತ್ರ ಅಷ್ಟೆ. ಡ್ಯಾಕ್‌ನಿಂದ ಹೊರಬರುವುದು ನುಣುಪಾದ ಗೆರೆಯೇ.

ಒಂದೊಂದು ಚುಕ್ಕಿಯ ಎತ್ತರವನ್ನು ಎಷ್ಟು ಸೂಕ್ಷ್ಮವಾಗಿ ಬರೆದಿಟ್ಟಿದೆ ಅನ್ನುವುದು ಬಿಟ್ಟಿನ ಲೆಕ್ಕ. ಅದರ ಕಥೆಯೂ ಹೀಗೇ. 16 ಬಿಟ್‌ನಲ್ಲಿ ಅತಿ ಮೆಲ್ಲಗಿನ ದನಿಗೂ ಅತಿ ಜೋರಿನದಕ್ಕೂ 96 ಡೆಸಿಬೆಲ್ ಅಂತರ ಸಿಗುತ್ತದೆ. ಫ್ಯಾನ್ ತಿರುಗುವ, ಕುಕ್ಕರ್ ಕೂಗುವ ಮನೆಯಲ್ಲಿ ಅಷ್ಟೂ ಅಂತರವನ್ನು ಬಳಸಲು ಹೊರಟರೆ ಕಿವಿ ಹಾಳಾಗುತ್ತದೆ. ರೆಕಾರ್ಡಿಂಗ್ ಸ್ಟುಡಿಯೋದವರಿಗೆ 24 ಬಿಟ್ ನಿಜಕ್ಕೂ ಬೇಕು. ಕೇಳುವ ನಮಗೆ ಅದು ಬೋನಸ್. ನನ್ನ ಮಾತು ಕೇಳುವುದಾದರೆ, ಡ್ಯಾಕ್ ಚಿಪ್ಪಿನ ಹೆಸರು ನೋಡಿ ಡಬ್ಬಿ ಕೊಳ್ಳಬೇಡಿ. ಆ ಕೆಲಸವನ್ನು ಇವತ್ತಿನ ಅಗ್ಗದ ಚಿಪ್ಪೂ ಚೆನ್ನಾಗಿ ಮಾಡುತ್ತದೆ. ದುಬಾರಿ ಲ್ಯಾನ್ ಕೇಬಲ್ಲೂ ಬೇಡ. ಮಾಹಿತಿ ಬರುವುದು ಸಣ್ಣ ಸಣ್ಣ ಪೊಟ್ಟಣಗಳಾಗಿ. ದಾರಿಯಲ್ಲಿ ಒಂದು ಕಳೆದುಹೋದರೆ ಡಬ್ಬಿ ಅದನ್ನೇ ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ವೈಫೈ ತೀರಾ ಸೋತರೆ ಹಾಡು ನಿಲ್ಲಬಹುದು, ಆದರೆ ಕೇಬಲ್ಲಿನಿಂದ ಕಂಠ ಇಂಪಾಗುವುದಿಲ್ಲ.

ಹಾಗಾದರೆ ವ್ಯಾಟ್? ಡಬ್ಬಿಗಿಂತ ಮೊದಲು ಸ್ಪೀಕರಿನ ಹಿಂದೆ ಬರೆದಿರುವುದನ್ನು ಓದಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಅಂತ ಇದ್ದರೆ, ಆ ಒಂದೇ ವ್ಯಾಟಿಗೆ ಆಗಲೇ ಸಾಕಷ್ಟು ಜೋರಾಗಿರುತ್ತದೆ. ನಾವು ಮಾತಾಡುವುದೇ 60ರ ಆಸುಪಾಸಿನಲ್ಲಿ, ಅಲ್ವಾ? ಶಕ್ತಿ ಎರಡು ಪಟ್ಟಾದರೆ ಬರೀ 3 ಡೆಸಿಬೆಲ್ ಏರುತ್ತದೆ. ಇಂಥ ಎರಡು ಆಲ್-ಇನ್-ಒನ್ ಡಬ್ಬಿಗಳನ್ನೇ ನೋಡಿ: 8 ಓಮ್ ಸ್ಪೀಕರಿಗೆ ವಿಮ್ ಆಂಪ್ 60 ವ್ಯಾಟ್ ಕೊಡುತ್ತದೆ, ಸೋನೋಸ್ ಆಂಪ್ 125. ಅಂಕಿ ಎರಡು ಪಟ್ಟು, ಕಿವಿಗೆ ವ್ಯತ್ಯಾಸ ಅದೇ ಸುಮಾರು 3 ಡೆಸಿಬೆಲ್. ಮದುವೆ ಮಂಟಪಕ್ಕಲ್ಲ, ಹಾಲ್‌ಗೆ ತಾನೇ?

ಆ ಹಾಲ್‌ನದ್ದೇ ದೊಡ್ಡ ರಗಳೆ. ಹನ್ನೆರಡು ಅಡಿ ದೂರದ ಎದುರುಬದುರು ಗೋಡೆಗಳ ನಡುವೆ ಸುಮಾರು 47 ಹರ್ಟ್ಜ್‌ನ ಅಲೆ ಸರಿಯಾಗಿ ಅಳತೆ ತೆಗೆದಂತೆ ಕೂತುಬಿಡುತ್ತದೆ. ಗೋಡೆಗೆ ಆನಿಸಿದ ಸೋಫಾದಲ್ಲಿ ಕೂತವರಿಗೆ ಬಾಸ್ ಗುಂಯ್ ಅನ್ನುತ್ತದೆ, ನಡು ಹಾಲ್‌ನಲ್ಲಿ ನಿಂತವರಿಗೆ ಅದೇ ಬಾಸ್ ಮಾಯ. ಈಗಿನ ಹಲವು ಡಬ್ಬಿಗಳು ಫೋನಿನ ಮೈಕಿನಲ್ಲಿ ಕೋಣೆಯ ದನಿ ಅಳೆದು ಆ ಉಬ್ಬನ್ನು ಇಳಿಸುತ್ತವೆ. ಈ ಸೌಲಭ್ಯಕ್ಕೆ ನಾನು ಖುಷಿಯಿಂದ ದುಡ್ಡು ಕೊಡುತ್ತೇನೆ. ವಿಟ್ರಿಫೈಡ್ ಟೈಲ್ಸಿನ ನೆಲ, ಬೋಳು ಗೋಡೆಗಳ ಮಾರ್ದನಿಗೆ ಮಾತ್ರ ಸಾಫ್ಟ್‌ವೇರ್ ಮದ್ದಲ್ಲ. ದಪ್ಪ ಪರದೆ ಕಟ್ಟಿ, ಜಮಖಾನೆ ಹಾಸಬೇಕು. ನಮ್ಮಲ್ಲಿ ಎರಡೂ ಮಾಡಿ ಆಯಿತು, ಜಮಖಾನೆ ಒಗೆಯುವ ಕೆಲಸ ನನ್ನ ಪಾಲಿಗೆ ಬಂತು.

ಈಗ ಆ ಅರ್ಧ ಸೆಕೆಂಡಿಗೆ ಬರುತ್ತೇನೆ. ಕಛೇರಿಯ ರೆಕಾರ್ಡಿಂಗನ್ನು ಸಾಮಾನ್ಯವಾಗಿ ಆಲಾಪನೆ, ಕೃತಿ, ತನಿ ಅಂತ ಬೇರೆ ಬೇರೆ ಟ್ರ್ಯಾಕ್ ಮಾಡಿರುತ್ತಾರೆ. ಆದರೆ ವೇದಿಕೆಯ ಮೇಲೆ ತಂಬೂರಿ ಒಂದು ಗಳಿಗೆಯೂ ನಿಂತಿರುವುದಿಲ್ಲ. ಸಿನಿಮಾ ಹಾಡುಗಳ ನಡುವೆ ಅರ್ಧ ಸೆಕೆಂಡು ಸದ್ದಿಲ್ಲದಿದ್ದರೆ ಯಾರಿಗೂ ಗೊತ್ತಾಗದು. ಇಲ್ಲಿ ಶ್ರುತಿಯೇ ಕಡಿದುಹೋಗುತ್ತದೆ, ಎದೆಗೆ ಧಸಕ್ ಅನ್ನುತ್ತದೆ. ಇದಕ್ಕೆ ಎರಡು ಕಾರಣ. ಎಂಪಿ3 ದನಿಯನ್ನು 1,152 ಸ್ಯಾಂಪಲ್‌ಗಳ (ಅವೇ ಚುಕ್ಕಿಗಳ) ಕಟ್ಟುಗಳಾಗಿ ಕಟ್ಟುತ್ತದೆ. ಕೊನೆಯ ಕಟ್ಟು ತುಂಬದಿದ್ದರೆ ಖಾಲಿ ಜಾಗಕ್ಕೆ ಮೌನ ತುಂಬುತ್ತದೆ, ಮೊದಲಿಗೂ ಒಂದಿಷ್ಟು ಸೇರಿಸುತ್ತದೆ. ದನಿಯಲ್ಲಿ ಏನನ್ನೂ ಕಳೆಯದೆ ಹಿಂಡುವ ಫ್ಲ್ಯಾಕ್ ಫೈಲಿನಲ್ಲಿ ಈ ತುಂಬುವಿಕೆ ಇಲ್ಲ. ಇನ್ನೊಂದು, ಡಬ್ಬಿಯ ಸೋಮಾರಿತನ. ಜಾಣ ಡಬ್ಬಿ ಈ ಟ್ರ್ಯಾಕ್ ಮುಗಿಯುವ ಮೊದಲೇ ಮುಂದಿನದನ್ನು ತರಿಸಿಟ್ಟುಕೊಂಡಿರುತ್ತದೆ. ಪೆದ್ದ ಡಬ್ಬಿ ಮುಗಿದ ಮೇಲೆ 'ಮುಂದೇನು?' ಅಂತ ಕೇಳಲು ಹೋಗುತ್ತದೆ. ಇದು ಪೂರ್ತಿ ಸಾಫ್ಟ್‌ವೇರಿನ ಮಾತು. ಚಿಪ್ಪು ಎಷ್ಟು ದುಬಾರಿಯಾದರೂ ಇಲ್ಲಿ ಸಹಾಯಕ್ಕೆ ಬರದು.

ಡಬ್ಬಿಯ ಆಯಸ್ಸನ್ನು ತೀರ್ಮಾನಿಸುವುದೂ ಸಾಫ್ಟ್‌ವೇರೇ. 2020ರ ಜನವರಿಯಲ್ಲಿ ಸೋನೋಸ್ ತನ್ನ ಕೆಲವು ಹಳೇ ಮಾಡೆಲ್‌ಗಳಿಗೆ ಮೇ ತಿಂಗಳಿಂದ ಹೊಸ ಸಾಫ್ಟ್‌ವೇರ್ ಇಲ್ಲ ಅಂದಾಗ ಗ್ರಾಹಕರು ಸಿಡಿದೆದ್ದರು, ಸಿಇಓ ಕ್ಷಮೆ ಕೇಳಿದರು. 2024ರ ಮೇನಲ್ಲಿ ಅದೇ ಕಂಪನಿಯ ಹೊಸ ಆ್ಯಪ್ ಬಂದಾಗ ಇದ್ದ ಸೌಲಭ್ಯಗಳೇ ಕಾಣೆಯಾಗಿದ್ದವು. ಸ್ಪೀಕರುಗಳು ಗಟ್ಟಿಮುಟ್ಟಾಗಿಯೇ ಇದ್ದವು, ಪಾಪ. ಸ್ಕ್ವೀಜ್‌ಬಾಕ್ಸ್ ಅನ್ನುವ ಹಳೇ ಸ್ಟ್ರೀಮರಿನ ಕಥೆ ಇದಕ್ಕೆ ತಿರುಗುಮುರುಗು. ಲಾಜಿಟೆಕ್ 2012ರಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಆದರೆ ಅದರ ಸರ್ವರ್ ಸಾಫ್ಟ್‌ವೇರ್ ಓಪನ್ ಸೋರ್ಸ್ ಆಗಿತ್ತು. ಆಸಕ್ತರು ಲಿರಿಯನ್ ಅನ್ನುವ ಹೆಸರಿನಲ್ಲಿ ಅದನ್ನು ಇವತ್ತಿಗೂ ಸಾಕುತ್ತಿದ್ದಾರೆ, ಆ ಹಳೇ ಡಬ್ಬಿಗಳು ಇನ್ನೂ ಹಾಡುತ್ತಿವೆ. ಹಾಗಾಗಿ ಕೊಳ್ಳುವಾಗ ಡಬ್ಬಿಯ ಹಿಂಬದಿ ತಿರುಗಿಸಿ ನೋಡಿ. ಯುಎಸ್‌ಬಿ ಇದೆಯಾ, ಆಕ್ಸ್ ಇದೆಯಾ, ಟೀವಿಗೆ ಎಚ್‌ಡಿಎಂಐ ಇದೆಯಾ? ನಾಳೆ ಕಂಪನಿ ಕೈಬಿಟ್ಟರೂ ಆಂಪ್ಲಿಫೈಯರ್ ಆಗಿಯಾದರೂ ಅದು ದುಡಿಯಬೇಕು. ರೂಟರನ್ನು ಇನ್ವರ್ಟರ್ ಲೈನಿಗೆ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಕರೆಂಟ್ ಹೋದಾಗ ಡಬ್ಬಿ ಇದ್ದೂ ಇಲ್ಲದಂತೆ.

ಅಂಗಡಿಗೆ ನಾನು ಪೆನ್‌ಡ್ರೈವ್ ಹಿಡಿದು ಹೋಗಿದ್ದೆ. ಅದರಲ್ಲಿ ಎರಡೇ ಫ್ಲ್ಯಾಕ್ ಫೈಲು: ಗಾಯಕರ ಆಲಾಪನೆ, ಅದರ ಬೆನ್ನಿಗೇ ಪಿಟೀಲಿನ ಆಲಾಪನೆ. ಮೊದಲ ಡಬ್ಬಿ ಮೂರರಲ್ಲಿ ಜಾಸ್ತಿ ಬೆಲೆಯದ್ದು. ಫೈಲು ಬದಲಾಗುವಲ್ಲಿ ತಂಬೂರಿ ಒಮ್ಮೆ ಬಿಕ್ಕಿತು. ಎರಡನೆಯದೂ ಬಿಕ್ಕಿತು, ಸ್ವಲ್ಪ ಕಮ್ಮಿ. ಮೂರನೆಯದಕ್ಕೆ ಪೆನ್‌ಡ್ರೈವ್ ಸಿಕ್ಕಿಸಿ ಕಣ್ಣು ಮುಚ್ಚಿ ಕೂತೆ. ಅಂಗಡಿಯ ಹುಡುಗ ಪಾಪ ಸುಮಾರು ಹೊತ್ತು ಕಾದ. ಕೊನೆಗೆ, 'ಎರಡನೇ ಟ್ರ್ಯಾಕ್ ಯಾವಾಗ ಶುರುವಾಗುತ್ತೆ ಸರ್?' ಅಂದ. ಶುರುವಾಗಿ ಆಗಲೇ ಎರಡು ನಿಮಿಷವಾಗಿತ್ತು.