ಬೆಕ್ಕಿಗೊಂದು ಪೀಠ

ಕವಿಗಳ, ಶರಣರ ಹೆಸರಿನ ಅಧ್ಯಯನ ಪೀಠಗಳು ನಮಗೆ ಗೊತ್ತು. ಕೆಲವು ದೇಶಗಳಲ್ಲಿ ಬೆಕ್ಕಿನ ಆರೋಗ್ಯಕ್ಕೂ ಪೀಠಗಳಿವೆ. ಬೆಕ್ಕು ಸಾಕಿದವರು ದತ್ತಿ ಇಡುತ್ತಾರೆ. ವಿಶ್ವವಿದ್ಯಾಲಯ ಅಸಲನ್ನು ಮುಟ್ಟುವುದಿಲ್ಲ. ಅದರ ಗಳಿಕೆಯಿಂದಲೇ ಒಬ್ಬ ಪ್ರಾಧ್ಯಾಪಕರ ಕೆಲಸ ವರ್ಷವರ್ಷವೂ ನಡೆಯುತ್ತದೆ.

ಬೆಕ್ಕಿಗೆ ಇಷ್ಟೆಲ್ಲ ಬೇಕಾ? ಖಂಡಿತ ಬೇಕು. ಎಫ್‌ಐಪಿ ಎಂಬ ಕಾಯಿಲೆಯನ್ನೇ ನೋಡಿ. ಬೆಕ್ಕುಗಳಿಗೆ ಅವುಗಳದೇ ಒಂದು ಕೊರೊನಾ ವೈರಸ್ ಇದೆ, ಕೋವಿಡ್‌ನದ್ದಲ್ಲ. ಸಾಮಾನ್ಯವಾಗಿ ಅದು ಕರುಳಿನಲ್ಲಿರುತ್ತದೆ, ಹೆಚ್ಚೆಂದರೆ ಸ್ವಲ್ಪ ಭೇದಿ. ಕೆಲವೇ ಬೆಕ್ಕುಗಳಲ್ಲಿ ರೂಪ ಬದಲಿಸಿ ಬಿಳಿ ರಕ್ತಕಣಗಳೊಳಗೆ ಬೆಳೆಯತೊಡಗುತ್ತದೆ. ಜ್ವರ ಬಿಡುವುದಿಲ್ಲ. ಎಷ್ಟೋ ಸಲ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಎಳೆಯ ಬೆಕ್ಕುಗಳಿಗೇ ಇದು ಜಾಸ್ತಿ. 1963ರಲ್ಲಿ ಬಾಸ್ಟನ್‌ನ ಪಶುವೈದ್ಯೆ ಜೀನ್ ಹೋಲ್ಜ್‌ವರ್ತ್ ಇದನ್ನು ವಿವರಿಸಿದರು. ಆಮೇಲೂ ದಶಕಗಳ ಕಾಲ ಈ ರೋಗ ಬಂದರೆ ಸಾವೇ ಗತಿ ಎನ್ನುವಂತಿತ್ತು. 2019ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನೀಲ್ಸ್ ಪೀಡರ್ಸನ್ ತಂಡ ಜಿಎಸ್-441524 ಎಂಬ ಔಷಧ ಕೊಟ್ಟ 31 ಬೆಕ್ಕುಗಳಲ್ಲಿ 25 ಉಳಿದುಕೊಂಡವು! ವೈರಸ್ ತನ್ನ ಪ್ರತಿ ಮಾಡಿಕೊಳ್ಳುವಾಗ ಈ ಔಷಧ ನಡುವೆ ಸೇರಿಕೊಂಡು ಆ ಕೆಲಸವನ್ನೇ ನಿಲ್ಲಿಸುತ್ತದೆ. ಕೋವಿಡ್ ಕಾಲದ ರೆಮ್‌ಡಿಸಿವಿರ್ ಕೂಡ ಇದೇ ಕುಟುಂಬದ್ದು. ಪೀಡರ್ಸನ್ ವಿದ್ಯಾರ್ಥಿಯಾಗಿದ್ದಾಗಿನಿಂದ ಈ ರೋಗದ ಬೆನ್ನು ಹತ್ತಿದ್ದವರು. ಸುಮ್ನೆ ಎರಡು ವರ್ಷದ ಅನುದಾನದಲ್ಲಿ ಇಂಥದ್ದು ಆಗುವುದಿಲ್ಲ.

ಮುಂಬೈ ಕಡೆಯ ಮಾಟುಂಗಾ, ಡೊಂಬಿವಲಿಯ ನಮ್ಮ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಬೆಕ್ಕಿಗೂ ಮೊಸರನ್ನವೇ ಊಟ. ಪ್ರೀತಿಯಿಂದಲೇ ಹಾಕುತ್ತಾರೆ, ಅಲ್ವಾ? ಆದರೆ ಟಾರಿನ್ ಎಂಬ ಅಂಶವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಲಾರದು. ಅದು ಮೀನು, ಮಾಂಸದಿಂದ ಬರಬೇಕು. ಅದರ ಕೊರತೆಯಿಂದ ಹೃದಯ ಹಿಗ್ಗಿ ಸೋಲುತ್ತದೆ ಎಂದು 1987ರಲ್ಲಿ ಡೇವಿಸ್‌ನಲ್ಲೇ ಗೊತ್ತಾಯಿತು. ನಂತರ ಕಂಪನಿಗಳು ಬೆಕ್ಕಿನ ಆಹಾರಕ್ಕೆ ಟಾರಿನ್ ಹೆಚ್ಚಿಸಿದವು, ಆ ಕಾಯಿಲೆ ಅಪರೂಪವಾಯಿತು.

ಪ್ರಾಣಿಗಳಿಗಾಗಿ ದಾನ ಕೊಡುವುದು ಮುಂಬೈಗೆ ಹೊಸದಲ್ಲ. ಪರೇಲ್‌ನ ಪ್ರಾಣಿಗಳ ಆಸ್ಪತ್ರೆ ಸರ್ ದಿನ್‌ಶಾ ಪೆಟಿಟ್ ಅವರ ಕೊಡುಗೆ, ಅದಕ್ಕೆ ಪತ್ನಿ ಸಕರ್‌ಬಾಯಿಯವರ ಹೆಸರಿದೆ. ಬಾಂಬೆ ಪಶುವೈದ್ಯ ಕಾಲೇಜು ಶುರುವಾದದ್ದೂ ಪರೇಲ್‌ನಲ್ಲೇ, 1886ರಲ್ಲಿ. ಅಲ್ಲೊಂದು ಬೆಕ್ಕಿನ ಪೀಠ ಬರಲಿ ಎಂಬುದು ನನ್ನ ಆಸೆ. ಮೊದಲು ಕಿಡ್ನಿ ಕಾಯಿಲೆಯನ್ನು ಕೈಗೆತ್ತಿಕೊಳ್ಳಲಿ. ವಯಸ್ಸಾದ ಬೆಕ್ಕುಗಳಲ್ಲಿ ಅದು ತೀರಾ ಸಾಮಾನ್ಯ. ಎಷ್ಟೋ ಬೆಕ್ಕುಗಳಲ್ಲಿ ಅದು ಯಾಕೆ ಶುರುವಾಯಿತೆಂದೇ ತಿಳಿಯುವುದಿಲ್ಲ. ತಿಳಿಯಬೇಕಾದರೆ ಈ ಊರಿನ ಫ್ಲ್ಯಾಟುಗಳಲ್ಲಿ ಬೆಳೆಯುವ ಬೆಕ್ಕುಗಳನ್ನು ಮರಿಯಿಂದ ಮುಪ್ಪಿನವರೆಗೆ, ಹತ್ತು ಹದಿನೈದು ವರ್ಷ, ಬಿಡದೆ ಪರೀಕ್ಷಿಸುವವರು ಒಬ್ಬರು ಬೇಕು.