ಗಾಯವಿಲ್ಲದ ಮಾತ್ರಕ್ಕೆ

ಲೈಂಗಿಕ ದೌರ್ಜನ್ಯದ ಶಂಕೆಯ ಮೇಲೆ ಮಗುವನ್ನು ತಪಾಸಣೆಗೆ ಕರೆತಂದವರು, ಅವರು ಹೆತ್ತವರಿರಲಿ, ತನಿಖಾಧಿಕಾರಿಯಿರಲಿ, ಕೊನೆಗೆ ಕೇಳುವುದು ಒಂದನ್ನೇ: "ಆಗಿದೆಯಾ, ಇಲ್ಲವಾ, ಅಷ್ಟು ಹೇಳಿಬಿಡಿ ಡಾಕ್ಟರೇ." ದೇಹ ನೋಡಿ ಅಷ್ಟನ್ನು ಹೇಳಲು ಬರುವುದಿಲ್ಲ ಎಂದು ಎಷ್ಟು ಸಲ ವಿವರಿಸಿದರೂ, ವರದಿಯಲ್ಲಿ ‘ಗಾಯ ಕಂಡುಬಂದಿಲ್ಲ’ ಎಂಬ ಸಾಲನ್ನು ‘ಏನೂ ನಡೆದಿಲ್ಲ’ ಎಂದೇ ಓದಿಕೊಳ್ಳುತ್ತಾರೆ.

ತಪಾಸಣೆಗೆ ಬರುವ ಮಕ್ಕಳಲ್ಲಿ ಬಹುಪಾಲು ಮಂದಿಯ ದೇಹದಲ್ಲಿ ಯಾವ ಗುರುತೂ ಇರುವುದಿಲ್ಲ. ಮುಟ್ಟುವುದು, ಉಜ್ಜುವುದು, ಬಾಯಿಂದ ಮಾಡಿಸುವುದು ಸಾಮಾನ್ಯವಾಗಿ ಗಾಯ ಬಿಡುವ ಕೃತ್ಯಗಳಲ್ಲ. ಗಾಯವಾಗಿದ್ದರೂ ಆ ಭಾಗದ ಲೋಳೆಪೊರೆ ಕೆಲವೇ ದಿನಗಳಲ್ಲಿ ಮಾಯುತ್ತದೆ. ಮಗು ಬಾಯಿಬಿಡುವ ವೇಳೆಗೆ ವಾರಗಳು, ಕೆಲವೊಮ್ಮೆ ವರ್ಷಗಳೇ ಉರುಳಿರುತ್ತವೆ. ಕನ್ಯಾಪೊರೆಯೆಂಬುದು ಒಮ್ಮೆಗೇ ಹರಿದುಹೋಗುವ ಪರದೆ ಎಂಬ ನಂಬಿಕೆಗೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಯೋನಿಯೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ಯನ್ನು ನಡೆಸುವುದೇ ದುರ್ನಡತೆಯೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದ ಮೇಲೂ ಅದರ ಫಲಿತಾಂಶ ಕೇಳುವವರು ಇದ್ದಾರೆ. ಕಾನೂನೂ ಗಾಯವನ್ನು ಕೇಳುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 3ನೇ ಕಲಮಿನ ಪ್ರಕಾರ ಎಷ್ಟೇ ಅಲ್ಪ ಪ್ರಮಾಣದ ಪ್ರವೇಶವೂ ಅಪರಾಧ. ಲೈಂಗಿಕ ಉದ್ದೇಶದ ಸ್ಪರ್ಶವನ್ನು ಅಪರಾಧವೆನ್ನುವ 7ನೇ ಕಲಮಿಗೆ ಬಟ್ಟೆಯ ಮೇಲಿನಿಂದ ಮುಟ್ಟಿದ್ದೂ ಸಾಕೆಂಬುದನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದಲೇ ನಾವು ‘ಗಾಯವಿಲ್ಲ, ದೌರ್ಜನ್ಯ ನಡೆದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು’ ಎಂದು ಬರೆಯುತ್ತೇವೆ. ಅದು ನುಣುಚಿಕೊಳ್ಳುವ ಮಾತಲ್ಲ. ಹಾಗೆಂದು, ನಡೆದೇ ಇದೆ ಎಂಬ ಪ್ರಮಾಣಪತ್ರವೂ ಅಲ್ಲ. ಅದನ್ನು ತೀರ್ಮಾನಿಸುವುದು ನ್ಯಾಯಾಲಯ.

ಒಮ್ಮೆ ಗಾಯಗಳಿಲ್ಲವೆಂದು ನಾನು ಹೇಳಿದ ಕೂಡಲೇ, ತಂದೆಯೊಬ್ಬರು ಮುಂದಿನ ಮಾತಿಗೂ ಕಾಯದೆ ಹೊರಗೆ ಹೋಗಿ "ಸದ್ಯ, ಏನೂ ಆಗಿಲ್ಲವಂತೆ" ಎಂದು ಊರಿಗೆ ಫೋನು ಮಾಡತೊಡಗಿದರು. ಒಳಗೆ ಮಂಚದ ಮೇಲೆ ಕುಳಿತು ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದ ಎಂಟು ವರ್ಷದ ಹುಡುಗಿ ತಲೆಯೆತ್ತದೆ ಕೇಳಿದಳು: "ಹಾಗಾದರೆ ನಾನು ಸುಳ್ಳು ಹೇಳಿದೆನಾ ಆಂಟಿ?" ಆ ತಂದೆ ಕೆಟ್ಟವರಲ್ಲ, ಹೆದರಿ ಬೆವೆತುಹೋಗಿದ್ದರು. ಅವರನ್ನು ಒಳಗೆ ಕರೆದು, ಮೇಲೆ ಬರೆದಿದ್ದನ್ನೆಲ್ಲ ಮಗಳ ಎದುರಿಗೇ ಮತ್ತೊಮ್ಮೆ ಹೇಳಬೇಕಾಯಿತು.

ಇಷ್ಟಾದರೂ ತಪಾಸಣೆ ವ್ಯರ್ಥವೆಂದು ತಿಳಿಯಬಾರದು. ಘಟನೆ ಇತ್ತೀಚಿನದಾದರೆ 96 ಗಂಟೆಗಳೊಳಗೆ ಸ್ವಾಬ್‌ಗಳಲ್ಲಿ, ಅಂದರೆ ಹತ್ತಿಯ ಕಡ್ಡಿಯಿಂದ ಒರೆಸಿ ತೆಗೆದ ಮಾದರಿಗಳಲ್ಲಿ, ಸಾಕ್ಷ್ಯ ಸಿಗಬಹುದು, ತಡವಾದಷ್ಟೂ ಆ ಸಾಧ್ಯತೆ ಕುಗ್ಗುತ್ತದೆ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೇ ಶುರುಮಾಡಬೇಕು. ಎಫ್‌ಐಆರ್ ಆಗಲೆಂದು ಕಾಯಬೇಕಿಲ್ಲ, ಪೋಕ್ಸೊದ 27ನೇ ಕಲಮು ಅದಿಲ್ಲದೆಯೂ ತಪಾಸಣೆಗೆ ಅವಕಾಶ ಕೊಡುತ್ತದೆ. ಪೊಲೀಸರಿಗೆ ತಿಳಿಸುವುದು ಮಾತ್ರ ನಮಗೆ ಕಡ್ಡಾಯ. ಸ್ನಾನ ಮಾಡಿಸಿ, ಬಟ್ಟೆ ಒಗೆದು, ಮಡಚಿ ತರುವ ತಾಯಂದಿರ ಮೇಲೆ ಸಿಟ್ಟು ಬರುವುದಿಲ್ಲ, ಮರುಕವಾಗುತ್ತದೆ. ಒಗೆಯದ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟದೆ ಕಾಗದದ ಚೀಲದಲ್ಲಿ ತನ್ನಿ.

ಗಾಯವಿಲ್ಲದ ಕಡೆ ಎಲ್ಲಕ್ಕಿಂತ ಹೆಚ್ಚು ಉಳಿಯುವುದು ಮಗು ತನ್ನದೇ ಮಾತಿನಲ್ಲಿ ಹೇಳಿದ್ದು. ಚಿಕ್ಕಪ್ಪ, ಅಜ್ಜಿ, ಪಕ್ಕದ ಮನೆಯವರು ಸರದಿಯಂತೆ ಕೂರಿಸಿಕೊಂಡು ಕೇಳಿದರೆ ಅದು ಬೇರೆಯವರ ಮಾತಿನೊಡನೆ ಬೆರೆತುಹೋಗುತ್ತದೆ, ಪಾಟೀಸವಾಲಿನಲ್ಲಿ ಆರೋಪಿಯ ವಕೀಲರು ಮೊದಲು ಹಿಡಿಯುವುದೂ ಅದನ್ನೇ. ಮಗು ತಾನಾಗಿ ಹೇಳಿದ್ದನ್ನು ಅದು ಬಳಸಿದ ಪದಗಳಲ್ಲೇ ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಅದರೊಂದಿಗೆ ಆಸ್ಪತ್ರೆಗೆ ಬನ್ನಿ.